ಸುದ್ದಿಯ ಹಿಂದಿನ ಖಾತೆ: ಹಂಗೇರಿಯ ‘ಓರಿಗೋ’ ಜಾಲತಾಣದಿಂದ ವರ್ತಕರು ಕಲಿಯಬೇಕಾದ ಪಾಠ

ತೆರಿಗೆಯ ದರ, ಲೆಕ್ಕಪತ್ರಗಳ ನಿರ್ವಹಣೆ, ವಿವರಪಟ್ಟಿ ಸಲ್ಲಿಸಲು ಕಡೆಯ ದಿನಾಂಕ ಇವೇ ಮೊದಲಾದವು ಈ ಪುಟಗಳಲ್ಲಿ ನಾನು ವಾಡಿಕೆಯಾಗಿ ಚರ್ಚಿಸುವ ವಿಷಯಗಳು. ಈ ತಿಂಗಳು ದೂರದ ಹಂಗೇರಿ ದೇಶದ ಸುದ್ದಿ ಜಾಲತಾಣವೊಂದರ ವಿಚಾರವನ್ನು ಎತ್ತಿಕೊಂಡಿರುವುದಕ್ಕೆ ಸದಸ್ಯ ಬಾಂಧವರು ಆಶ್ಚರ್ಯಪಡಬಹುದು. ಆದರೆ ಈ ಕಥೆಯನ್ನು ಪತ್ರಿಕೋದ್ಯಮದ ಕಥೆಯೆಂದು ಓದುವುದಕ್ಕಿಂತ ಲೆಕ್ಕಪತ್ರದ ಕಥೆಯೆಂದು ಓದಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ. ಮಾಲೀಕ ಯಾರು, ಹಣ ಎಲ್ಲಿಂದ ಬಂತು, ಗಿರಾಕಿ ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಮೊದಲಿಗೆ ನನ್ನ ವೃತ್ತಿಜೀವನದ ಒಂದು ಪ್ರಸಂಗ. ಹಲವು ವರ್ಷಗಳ ಹಿಂದೆ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಯೊಬ್ಬರ ಲೆಕ್ಕ ತಪಾಸಣೆ ಮಾಡುತ್ತಿದ್ದೆ. ಅವರ ಮಾರಾಟದ ಬಹುಪಾಲು ಒಂದೇ ದೊಡ್ಡ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿಯಿಂದ ಬರಬೇಕಾದ ಬಾಕಿ ಆರು ತಿಂಗಳು ದಾಟಿತ್ತು. ‘ಒಂದು ಪತ್ರವನ್ನಾದರೂ ಬರೆಯಿರಿ’ ಎಂದು ಸಲಹೆ ಕೊಟ್ಟೆ. ‘ಬೇಡಿ ಸರ್, ಕೇಳಿದರೆ ಮುಂದಿನ ಆರ್ಡರ್ ಬರುವುದಿಲ್ಲ’ ಎಂದರು. ಅವರನ್ನು ಯಾರೂ ಬೆದರಿಸಿರಲಿಲ್ಲ. ಯಾರೂ ಬೆದರಿಸಬೇಕಾದ ಅಗತ್ಯವೂ ಇರಲಿಲ್ಲ. ಅವರ ಲೆಡ್ಜರೇ ಅವರನ್ನು ಬೆದರಿಸುತ್ತಿತ್ತು. ಓರಿಗೋ ಪ್ರಕರಣವನ್ನು ಅಧ್ಯಯನ ಮಾಡುವಾಗ ಆ ಮಾತು ಮತ್ತೆ ಮತ್ತೆ ನೆನಪಿಗೆ ಬಂತು.

ದೂರವಾಣಿ ಕಂಪನಿಯ ಸುದ್ದಿ ವಿಭಾಗ

ಓರಿಗೋ ಆರಂಭವಾದದ್ದು 1998ರಲ್ಲಿ. ಅದರ ಮಾಲೀಕರು ಹಂಗೇರಿಯ ದೂರವಾಣಿ ಕಂಪನಿಯಾಗಿದ್ದ ಮತಾವ್. ಈ ಕಂಪನಿ 2005ರಲ್ಲಿ ಮಾಗ್ಯಾರ್ ಟೆಲಿಕೊಮ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಬಹುಪಾಲು ಷೇರುಗಳು ಜರ್ಮನಿಯ ಡಾಯ್ಚ ಟೆಲಿಕೊಮ್ ಸಂಸ್ಥೆಯ ವಶದಲ್ಲಿದ್ದವು. ಅಂತರಜಾಲ ಸಂಪರ್ಕ ಮಾರುವ ಕಂಪನಿಗೆ ಗ್ರಾಹಕರು ಅಂತರಜಾಲದಲ್ಲಿ ಓದಲು ಏನಾದರೂ ಬೇಕಲ್ಲವೇ? ಆ ವ್ಯಾಪಾರಿ ದೃಷ್ಟಿಯಿಂದ ಹುಟ್ಟಿದ ಜಾಲತಾಣವು ಕೆಲವೇ ವರ್ಷಗಳಲ್ಲಿ ಆ ದೇಶದ ಅತ್ಯಂತ ಜನಪ್ರಿಯ ಸುದ್ದಿತಾಣಗಳಲ್ಲಿ ಒಂದಾಯಿತು. ವಿದೇಶಿ ಬಂಡವಾಳ, ಸಂಪದ್ಭರಿತ ಮಾತೃಸಂಸ್ಥೆ, ಸ್ವತಂತ್ರ ಸಂಪಾದಕೀಯ ಮಂಡಳಿ ಎಲ್ಲವೂ ಇದ್ದ ಇದಕ್ಕೆ ಅಪಾಯವೇನೂ ಇಲ್ಲವೆಂದೇ ಹೊರಗಿನಿಂದ ನೋಡಿದವರಿಗೆ ತೋರುತ್ತಿತ್ತು.

ಆದರೆ ಅಪಾಯವು ಮಾತೃಸಂಸ್ಥೆಯ ಮುಖ್ಯ ವ್ಯವಹಾರದಲ್ಲಿಯೇ ಅಡಗಿತ್ತು. ದೂರವಾಣಿ ವ್ಯವಹಾರವು ಪರವಾನಗಿಯ ವ್ಯವಹಾರ. ತರಂಗಾಂತರವನ್ನು ಹಂಚುವುದು ಸರ್ಕಾರ, ನಿಯಮ ರೂಪಿಸುವುದು ಸರ್ಕಾರ, ವಿಶೇಷ ತೆರಿಗೆ ವಿಧಿಸುವುದೂ ಸರ್ಕಾರ. 2010ರಲ್ಲಿ ವಿಕ್ಟರ್ ಓರ್ಬಾನ್ ಅವರು ಮತ್ತೆ ಪ್ರಧಾನಿಯಾದ ನಂತರ ಹಂಗೇರಿ ಸರ್ಕಾರವು ದೂರಸಂಪರ್ಕ ಕಂಪನಿಗಳ ಮೇಲೆ ವಿಶೇಷ ತೆರಿಗೆ ಹೇರಿತು. 2013ರಲ್ಲಿ ಮಾಗ್ಯಾರ್ ಟೆಲಿಕೊಮ್‌ನ ತರಂಗಾಂತರ ಪರವಾನಗಿಯನ್ನು 2022ರವರೆಗೆ ವಿಸ್ತರಿಸಲಾಯಿತು. ಇಂತಹ ಕಂಪನಿಯ ಆದಾಯದಲ್ಲಿ ಸುದ್ದಿ ಜಾಲತಾಣದ ಪಾಲು ಅತ್ಯಲ್ಪ. ಆದರೆ ಆ ಅತ್ಯಲ್ಪ ಭಾಗವು ಇಡೀ ಕಂಪನಿಗೆ ಮುಜುಗರ ತರಬಲ್ಲದು.

2014ರ ಬೇಸಿಗೆ

ಪ್ರಧಾನಿ ಕಾರ್ಯಾಲಯದ ಮುಖ್ಯಸ್ಥರಾಗಿದ್ದ ಯಾನೊಶ್ ಲಾಜಾರ್ ಅವರ ವಿದೇಶ ಪ್ರವಾಸಗಳ ಹೋಟೆಲ್ ವೆಚ್ಚದ ವಿವರಗಳನ್ನು ಓರಿಗೋ ವರದಿಗಾರ ಆಂದ್ರಾಶ್ ಪೆಥೊ ಕೇಳಿದರು. ವಿವರಗಳು ಸಿಗಲಿಲ್ಲ. ಜಾಲತಾಣವು ನ್ಯಾಯಾಲಯಕ್ಕೆ ಹೋಯಿತು, ಅಲ್ಲಿ ಗೆದ್ದಿತು. ಆದರೆ 2014ರ ಜೂನ್ ತಿಂಗಳ ಆರಂಭದಲ್ಲಿ ಪ್ರಧಾನ ಸಂಪಾದಕ ಗೆರ್ಗೊ ಶಾಲಿಂಗ್ ಹುದ್ದೆಯಿಂದ ನಿರ್ಗಮಿಸಿದರು. ಇದು ಪರಸ್ಪರ ಒಪ್ಪಿಗೆಯಿಂದ ಆದದ್ದು, ರಾಜಕೀಯ ಒತ್ತಡವಿರಲಿಲ್ಲ ಎಂದು ಕಂಪನಿ ಹೇಳಿತು. ಸಿಬ್ಬಂದಿ ಅದನ್ನು ನಂಬಲಿಲ್ಲ. ಅನೇಕ ಪತ್ರಕರ್ತರು ರಾಜೀನಾಮೆ ನೀಡಿದರು. ಬುಡಾಪೆಸ್ಟ್ ನಗರದಲ್ಲಿ ಪ್ರತಿಭಟನೆ ನಡೆಯಿತು. ಪೆಥೊ ಮತ್ತು ಶಾಲಿಂಗ್ ಸೇರಿ ಮುಂದೆ ‘ಡಿರೆಕ್ಟ್36’ ಎಂಬ ತನಿಖಾ ವರದಿಗಾರಿಕೆಯ ಸಂಸ್ಥೆಯನ್ನು ಕಟ್ಟಿದರು.

ಒತ್ತಡವಿತ್ತೋ ಇಲ್ಲವೋ ಎಂಬ ವಾದಕ್ಕೆ ನಾನು ತೀರ್ಪು ನೀಡಲಾರೆ. ಲೆಕ್ಕ ಪರಿಶೋಧಕನಾಗಿ ಒಂದು ಮಾತು ಹೇಳಬಲ್ಲೆ: ಸರ್ಕಾರದ ಪರವಾನಗಿಯನ್ನೇ ಬಂಡವಾಳವಾಗಿಸಿಕೊಂಡ ಕಂಪನಿಯು ಸರ್ಕಾರವನ್ನು ಪ್ರಶ್ನಿಸುವ ವಿಭಾಗವೊಂದನ್ನು ಇಟ್ಟುಕೊಂಡಾಗ ಅಲ್ಲಿ ಹಿತಾಸಕ್ತಿಗಳ ಘರ್ಷಣೆ ನಿಶ್ಚಿತ. ಅದು ಎಂದು ಹೊರಬೀಳುತ್ತದೆ ಎಂಬುದಷ್ಟೇ ಅನಿಶ್ಚಿತ.

ಮಾರಾಟ, ಮತ್ತು ಕೊಂಡವರು ಯಾರು?

ಅಂತಿಮವಾಗಿ ಮಾಗ್ಯಾರ್ ಟೆಲಿಕೊಮ್ ಓರಿಗೋವನ್ನು ಮಾರಲು ನಿರ್ಧರಿಸಿತು. 2016ರ ಆರಂಭದಲ್ಲಿ ಅದು ‘ನ್ಯೂ ವೇವ್ ಮೀಡಿಯಾ’ ಎಂಬ ಸಮೂಹದ ಪಾಲಾಯಿತು. ವಿಎಸ್ ಎಂಬ ಇನ್ನೊಂದು ಸುದ್ದಿ ಜಾಲತಾಣವೂ ಇದೇ ಸಮೂಹಕ್ಕೆ ಸೇರಿತ್ತು. ಸಮೂಹದ ಹಿಂದಿದ್ದವರು ತಮಾಶ್ ಸೆಮೆರೆಯ್ ಎಂಬ ಉದ್ಯಮಿ. ಇವರು ಅಂದಿನ ಕೇಂದ್ರ ಬ್ಯಾಂಕಿನ ಗವರ್ನರ್ ಗ್ಯೋರ್ಗಿ ಮಾತೋಲ್ಚಿ ಅವರ ದಾಯಾದಿ ಸಂಬಂಧಿ. ಮಾತೋಲ್ಚಿಯವರು 2013ರಲ್ಲಿ ಗವರ್ನರ್ ಆಗುವುದಕ್ಕೆ ಮುನ್ನ ಓರ್ಬಾನ್ ಸರ್ಕಾರದ ಆರ್ಥಿಕ ಸಚಿವರಾಗಿದ್ದವರು.

ಬಂಧುವೊಬ್ಬರು ವ್ಯಾಪಾರ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ 2016ರ ವಸಂತದಲ್ಲಿ ಬೆಳಕಿಗೆ ಬಂದ ಲೆಕ್ಕಗಳು ಇಡೀ ಚಿತ್ರವನ್ನೇ ಬದಲಿಸಿದವು.

‘ಸಾರ್ವಜನಿಕ ಸ್ವರೂಪ ಕಳೆದುಕೊಂಡ’ ಹಣ

ಹಂಗೇರಿಯ ಕೇಂದ್ರ ಬ್ಯಾಂಕು ‘ಪಲ್ಲಾಸ್ ಅಥೀನೆ’ ಎಂಬ ಹೆಸರಿನಲ್ಲಿ ಹಲವು ಪ್ರತಿಷ್ಠಾನಗಳನ್ನು ಸ್ಥಾಪಿಸಿ, ಅವುಗಳಿಗೆ 20,000 ಕೋಟಿ ಫೋರಿಂಟ್‌ಗೂ ಅಧಿಕ ಮೊತ್ತವನ್ನು ವರ್ಗಾಯಿಸಿತ್ತು. ಶಿಕ್ಷಣ ಮತ್ತು ಆರ್ಥಿಕ ಜ್ಞಾನದ ಪ್ರಸಾರ ಇವುಗಳ ಘೋಷಿತ ಉದ್ದೇಶ. ಈ ಹಣ ಎಲ್ಲಿ ಖರ್ಚಾಯಿತು ಎಂದು ಕೇಳಿದಾಗ ದೊರೆತ ಸಮಜಾಯಿಷಿ ವಿಚಿತ್ರವಾಗಿತ್ತು. ಹಣವು ಪ್ರತಿಷ್ಠಾನಕ್ಕೆ ವರ್ಗವಾದೊಡನೆ ಅದು ತನ್ನ ಸಾರ್ವಜನಿಕ ಸ್ವರೂಪವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ವಿವರ ಕೊಡಬೇಕಾದ ಅಗತ್ಯವಿಲ್ಲ! ಈ ವಾದಕ್ಕೆ ಕಾನೂನಿನ ಬಲ ಕೊಡಲು 2016ರಲ್ಲಿ ಸಂಸತ್ತಿನಲ್ಲಿ ತಿದ್ದುಪಡಿಯೊಂದು ಅಂಗೀಕಾರವಾಯಿತು. ರಾಷ್ಟ್ರಪತಿಗಳು ಅದನ್ನು ಸಾಂವಿಧಾನಿಕ ನ್ಯಾಯಾಲಯದ ಪರಿಶೀಲನೆಗೆ ಕಳುಹಿಸಿದರು. ಮಾರ್ಚ್ ಅಂತ್ಯದಲ್ಲಿ ನ್ಯಾಯಾಲಯವು ತಿದ್ದುಪಡಿ ಸಂವಿಧಾನ ವಿರೋಧಿ ಎಂದು ಹೇಳಿತು. ಏಪ್ರಿಲ್ ತಿಂಗಳಿನಲ್ಲಿ ಪ್ರತಿಷ್ಠಾನಗಳ ಒಪ್ಪಂದಗಳು ಬಹಿರಂಗವಾದವು.

ಆ ಪಟ್ಟಿಯಲ್ಲಿ ನ್ಯೂ ವೇವ್ ಸಮೂಹದ ಹೆಸರೂ ಇತ್ತು. ವಿಎಸ್ ಜಾಲತಾಣಕ್ಕಾಗಿ ಸಮೂಹವು ಈ ಪ್ರತಿಷ್ಠಾನಗಳಿಂದ 50 ಕೋಟಿ ಫೋರಿಂಟ್‌ಗೂ ಹೆಚ್ಚು ಹಣ ಪಡೆದಿತ್ತು. ಈ ಸಂಗತಿ ತಮಗೇ ತಿಳಿದಿರಲಿಲ್ಲವೆಂದು ಹೇಳಿ ಅಲ್ಲಿನ ಹಲವು ಪತ್ರಕರ್ತರು ರಾಜೀನಾಮೆ ಕೊಟ್ಟು ಹೊರನಡೆದರು. ತಮ್ಮ ಸಂಬಳ ಎಲ್ಲಿಂದ ಬರುತ್ತಿದೆ ಎಂಬುದನ್ನು ಸುದ್ದಿ ಬರೆಯುವವರೇ ಬೇರೆಯವರ ಸುದ್ದಿಯಿಂದ ತಿಳಿಯಬೇಕಾಯಿತು.

ನಮ್ಮ ವೃತ್ತಿಯ ಭಾಷೆಯಲ್ಲಿ ಇದಕ್ಕೆ ಸಂಬಂಧಿತ ಪಕ್ಷಗಳ ನಡುವಿನ ವಹಿವಾಟು ಎನ್ನುತ್ತೇವೆ. ನಮ್ಮ ಲೆಕ್ಕಪತ್ರ ಮಾನಕ 18 ಇಂತಹ ವಹಿವಾಟನ್ನು ಲೆಕ್ಕಪತ್ರಗಳಲ್ಲಿ ಬಹಿರಂಗಪಡಿಸಬೇಕೆಂದು ಹೇಳುತ್ತದೆ. 2013ರ ಕಂಪನಿ ಕಾಯಿದೆಯ 188ನೆಯ ಪ್ರಕರಣವು ಇದಕ್ಕೆ ಆಡಳಿತ ಮಂಡಳಿಯ ಅನುಮೋದನೆ ಬೇಕೆನ್ನುತ್ತದೆ. ಕಾನೂನು ಈ ವಹಿವಾಟನ್ನು ನಿಷೇಧಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ‘ಮಾಡು, ಆದರೆ ಹೇಳಿ ಮಾಡು’ ಎನ್ನುತ್ತದೆ. ದೋಷವಿರುವುದು ಸಂಬಂಧದಲ್ಲಲ್ಲ, ಸಂಬಂಧವನ್ನು ಮುಚ್ಚಿಡುವುದರಲ್ಲಿ. ಇದೇ ಪ್ರತಿಷ್ಠಾನದ ಆಸ್ತಿ ನಿರ್ವಹಣೆಯಲ್ಲಿ ಗಂಭೀರ ಲೋಪಗಳಿವೆ ಎಂದು ಹಂಗೇರಿಯ ರಾಜ್ಯ ಲೆಕ್ಕ ಪರಿಶೋಧನಾ ಸಂಸ್ಥೆಯೇ 2025ರ ಮಾರ್ಚ್‌ನಲ್ಲಿ ವರದಿ ಮಾಡಿತು. ತಪಾಸಣೆಯ ಕಣ್ಣಿನಿಂದ ತಪ್ಪಿಸಿಕೊಂಡ ಹಣದ ಗತಿ ಕೊನೆಗೆ ಹೀಗೆಯೇ ಆಗುತ್ತದೆ.

ದಾನಪತ್ರದ ಮೂಲಕ ಬಂದ ಸಾಮ್ರಾಜ್ಯ

2017ರಲ್ಲಿ ಓರಿಗೋ ಕೈ ಬದಲಾಯಿಸಿ ಗವರ್ನರರ ಪುತ್ರ ಆದಾಮ್ ಮಾತೋಲ್ಚಿ ಅವರ ಪಾಲಾಯಿತು. ಅಷ್ಟು ಹೊತ್ತಿಗೆ ಜಾಲತಾಣದ ಧೋರಣೆ ಪೂರ್ಣವಾಗಿ ಸರ್ಕಾರದ ಪರವಾಗಿತ್ತು. ಸಚಿವರ ಖರ್ಚನ್ನು ಪ್ರಶ್ನಿಸಿದ್ದ ಅದೇ ಹೆಸರು, ಅದೇ ವಿಳಾಸ. ಈಗ ವಿರೋಧ ಪಕ್ಷದವರನ್ನೂ ವಲಸಿಗರನ್ನೂ ಗುರಿಯಾಗಿಸಿದ ಬರಹಗಳು. ಅಂಗಡಿಯ ಫಲಕ ಹಾಗೆಯೇ ಇದ್ದು ಒಳಗಿನ ಸರಕು ಬದಲಾದರೆ ಹಳೆಯ ಗಿರಾಕಿಗೆ ತಿಳಿಯಲು ಕೆಲಕಾಲ ಹಿಡಿಯುತ್ತದೆ. ಹೆಸರಿನ ಮೌಲ್ಯವನ್ನು ನಾವು ‘ಗುಡ್‌ವಿಲ್’ ಎಂದು ಕರೆದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಬರೆಯುತ್ತೇವಲ್ಲವೇ? ಓರಿಗೋ ಕೊಂಡವರಿಗೆ ದೊರೆತದ್ದು ಮುಖ್ಯವಾಗಿ ಅದೇ.

2018ರ ನವೆಂಬರ್ 28ರಂದು ನಡೆದದ್ದು ವ್ಯಾಪಾರ ಬಲ್ಲವರನ್ನು ಬೆರಗಾಗಿಸುವಂಥದ್ದು. ಸರ್ಕಾರಕ್ಕೆ ನಿಕಟರಾದ ಹಲವು ಉದ್ಯಮಿಗಳು ತಮ್ಮ ಒಡೆತನದ ಪತ್ರಿಕೆ, ರೇಡಿಯೋ, ದೂರದರ್ಶನ ವಾಹಿನಿ ಮತ್ತು ಜಾಲತಾಣಗಳನ್ನು ‘ಕೆಸ್ಮಾ’ ಎಂಬ ಸಂಕ್ಷಿಪ್ತನಾಮದ ಪ್ರತಿಷ್ಠಾನಕ್ಕೆ ಒಂದೇ ದಿನ ಉಚಿತವಾಗಿ ದಾನ ಮಾಡಿದರು. ಒಟ್ಟು 400ಕ್ಕೂ ಹೆಚ್ಚು ಮಾಧ್ಯಮಗಳು. ಓರಿಗೋ ಅವುಗಳಲ್ಲಿ ಒಂದು. ಕೋಟಿಗಟ್ಟಲೆ ಕೊಟ್ಟು ಕೊಂಡ ಆಸ್ತಿಯನ್ನು ಲಾಭಕ್ಕಾಗಿ ವ್ಯಾಪಾರ ಮಾಡುವ ಮನುಷ್ಯ ಬಿಡಿಗಾಸೂ ಪಡೆಯದೆ ಬಿಟ್ಟುಕೊಡುತ್ತಾನೆಯೇ? ಅದು ಮೊದಲಿನಿಂದಲೂ ನಿಜವಾಗಿ ಯಾರ ಆಸ್ತಿಯಾಗಿತ್ತು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಇಷ್ಟು ದೊಡ್ಡ ವಿಲೀನವನ್ನು ಸ್ಪರ್ಧಾ ಪ್ರಾಧಿಕಾರ ಪರಿಶೀಲಿಸಬೇಕಾಗಿತ್ತು. ಆದರೆ ಡಿಸೆಂಬರ್ ಆರಂಭದಲ್ಲಿ ಸರ್ಕಾರ ಆದೇಶವೊಂದನ್ನು ಹೊರಡಿಸಿ ಈ ವಿಲೀನವು ‘ರಾಷ್ಟ್ರೀಯ ಕಾರ್ಯತಂತ್ರದ ಮಹತ್ವವುಳ್ಳದ್ದು’ ಎಂದು ಘೋಷಿಸಿತು. ಪರಿಶೀಲನೆಯ ಅಗತ್ಯವೇ ಇಲ್ಲವಾಯಿತು. 2020ರಲ್ಲಿ ಸಾಂವಿಧಾನಿಕ ನ್ಯಾಯಾಲಯವೂ ಈ ಆದೇಶವನ್ನು ಎತ್ತಿಹಿಡಿಯಿತು. ಹಿಂದೆ ಮಾಧ್ಯಮಗಳಲ್ಲಿ ಎಡಪಂಥೀಯರ ಪ್ರಾಬಲ್ಯವಿತ್ತು, ಈಗ ಸಮತೋಲನ ಬಂದಿದೆ ಎಂಬುದು ಸರ್ಕಾರದ ಸಮರ್ಥಕರ ವಾದ. ಈ ವಾದವನ್ನು ಒಪ್ಪಿಕೊಂಡರೂ ತಕ್ಕಡಿಯ ಒಂದು ತಟ್ಟೆಗೆ ಸರ್ಕಾರಿ ಖಜಾನೆಯ ತೂಕ ಸೇರಿಸುವುದನ್ನು ಸಮತೋಲನ ಎನ್ನಲು ವರ್ತಕನ ಮನಸ್ಸು ಒಪ್ಪುವುದಿಲ್ಲ.

ಗಿರಾಕಿ ಒಬ್ಬನೇ ಆದಾಗ

ಮಾಲೀಕತ್ವ ಬದಲಾಗದೆಯೂ ಜಾಲತಾಣವೊಂದು ಕೈಜಾರಬಹುದು ಎಂಬುದಕ್ಕೆ ‘ಇಂಡೆಕ್ಸ್’ ಉದಾಹರಣೆ. ಓರಿಗೋ ಬದಲಾದ ಮೇಲೆ ಇಂಡೆಕ್ಸ್ ಆ ದೇಶದ ಪ್ರಮುಖ ಸ್ವತಂತ್ರ ಸುದ್ದಿತಾಣವಾಗಿ ಉಳಿದಿತ್ತು. ಅದರ ಒಡೆತನ ಪ್ರತಿಷ್ಠಾನವೊಂದರದ್ದು. ಆದರೆ ಜಾಹೀರಾತು ಮಾರಾಟ ಮಾಡಿ ಹಣ ತರುತ್ತಿದ್ದದ್ದು ‘ಇಂಡಾಮೀಡಿಯಾ’ ಎಂಬ ಬೇರೊಂದು ಕಂಪನಿ. ಅಂದರೆ ಬರೆಯುವವರ ಬಳಿ ಪತ್ರಿಕೆಯಿತ್ತು, ಗಲ್ಲಾಪೆಟ್ಟಿಗೆಯ ಬೀಗದ ಕೈ ಮತ್ತೊಬ್ಬರ ಬಳಿಯಿತ್ತು. 2020ರ ಮಾರ್ಚ್‌ನಲ್ಲಿ ಇಂಡಾಮೀಡಿಯಾದ ಅರ್ಧ ಪಾಲನ್ನು ಮಿಕ್ಲೋಶ್ ವಾಸಿಲಿ ಖರೀದಿಸಿದರು. 2014ರಲ್ಲಿ ಓರಿಗೋ ಸಂಪಾದಕರು ನಿರ್ಗಮಿಸಿದಾಗ ಅಲ್ಲಿನ ಮುಖ್ಯ ಕಾರ್ಯನಿರ್ವಾಹಕರಾಗಿದ್ದವರು ಇವರೇ.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಇಂಡೆಕ್ಸ್‌ನ ಪ್ರಧಾನ ಸಂಪಾದಕ ಸಾಬೊಲ್ಚ್ ಡುಲ್ ಅವರನ್ನು ವಜಾ ಮಾಡಲಾಯಿತು. ಎರಡೇ ದಿನಗಳಲ್ಲಿ 70ಕ್ಕೂ ಹೆಚ್ಚು ಮಂದಿ ಸಿಬ್ಬಂದಿ ರಾಜೀನಾಮೆ ಸಲ್ಲಿಸಿದರು. ಅವರಲ್ಲಿ ಹಲವರು ಸೇರಿ ಅಕ್ಟೋಬರ್ ತಿಂಗಳಿನಲ್ಲಿ ‘ಟೆಲೆಕ್ಸ್’ ಎಂಬ ಹೊಸ ಜಾಲತಾಣವನ್ನು ಆರಂಭಿಸಿದರು. ಬಂಡವಾಳದಲ್ಲಿ ದೊಡ್ಡ ಪಾಲು ಓದುಗರು ಕೊಟ್ಟ ಸಣ್ಣಸಣ್ಣ ದೇಣಿಗೆ. ಒಬ್ಬ ದೊಡ್ಡ ಗಿರಾಕಿಯ ಬದಲು ಸಾವಿರಾರು ಸಣ್ಣ ಗಿರಾಕಿಗಳನ್ನು ನೆಚ್ಚಿಕೊಂಡ ಲೆಕ್ಕಾಚಾರವಿದು. ಸಣ್ಣ ಉದ್ಯಮಿಗಳಿಗೆ ನಾವು ವರ್ಷವೂ ಕೊಡುವ ಸಲಹೆಯನ್ನೇ ಅವರು ಕಷ್ಟದಲ್ಲಿ ಕಲಿತರು.

ಜಾಹೀರಾತಿನ ಹಗ್ಗ

ಸರ್ಕಾರಿ ಜಾಹೀರಾತು ಎಂಬುದು ಈ ಇಡೀ ವ್ಯವಸ್ಥೆಯ ರಕ್ತನಾಳ. ಹಂಗೇರಿಯಲ್ಲಿ ಸರ್ಕಾರವೇ ಅತಿ ದೊಡ್ಡ ಜಾಹೀರಾತುದಾರನಾಗಿ ಬೆಳೆಯಿತು. ಆ ಹಣದ ಬಹುಪಾಲು ಸರ್ಕಾರದ ಪರವಾದ ಮಾಧ್ಯಮಗಳಿಗೆ ಹರಿಯಿತು. ಇದರ ಬಲವನ್ನು ತಿಳಿಯಲು ಲಾಯೋಶ್ ಸಿಮಿಚ್ಕಾ ಅವರ ಕಥೆ ಸಾಕು. ಅವರು ಓರ್ಬಾನ್ ಅವರ ಹಳೆಯ ಸ್ನೇಹಿತರು, ಮಾಧ್ಯಮ ಒಡೆಯರು. 2015ರ ಫೆಬ್ರವರಿ 6ರಂದು ಇಬ್ಬರ ನಡುವೆ ಬಹಿರಂಗವಾಗಿ ವಿರಸ ಉಂಟಾಯಿತು. ಸರ್ಕಾರಿ ಜಾಹೀರಾತು ಕೈಬಿಟ್ಟುಹೋಯಿತು. 1938ರಲ್ಲಿ ಸ್ಥಾಪನೆಯಾಗಿದ್ದ ಅವರ ‘ಮಾಗ್ಯಾರ್ ನೆಮ್ಜೆಟ್’ ದಿನಪತ್ರಿಕೆಯು 2018ರ ಏಪ್ರಿಲ್‌ನಲ್ಲಿ, ಓರ್ಬಾನ್ ಪಕ್ಷ ಚುನಾವಣೆ ಗೆದ್ದ ಕೆಲವೇ ದಿನಗಳಲ್ಲಿ, ಮುಚ್ಚಿತು. 2019ರ ಫೆಬ್ರವರಿ 6ರಂದು ಅದೇ ಹೆಸರು ಸರ್ಕಾರಪರ ದಿನಪತ್ರಿಕೆಯೊಂದರ ತಲೆಬರಹವಾಗಿ ಮತ್ತೆ ಕಾಣಿಸಿಕೊಂಡಿತು. ದಿನಾಂಕವನ್ನು ಓದುಗರು ಗಮನಿಸಬೇಕು.

‘ಉಂಡ ಮನೆಯ ಜಂತೆ ಎಣಿಸಬಾರದು’ ಎನ್ನುವುದು ನಮ್ಮ ಹಿರಿಯರ ಮಾತು. ಸಂಸಾರಕ್ಕೆ ಅದು ಒಳ್ಳೆಯ ನೀತಿ. ಆದರೆ ಜಂತೆ ಎಣಿಸುವುದೇ ಪತ್ರಿಕೆಯ ಉದ್ಯೋಗ, ಲೆಕ್ಕ ಪರಿಶೋಧಕನ ಉದ್ಯೋಗವೂ ಹೌದು. ಆದ್ದರಿಂದ ಇವರಿಬ್ಬರೂ ಎಲ್ಲಿ ಉಣ್ಣುತ್ತಾರೆ ಎಂಬುದು ಮುಖ್ಯವಾಗುತ್ತದೆ.

ವರ್ತಕನಿಗೆ ಇದರಿಂದ ಆಗುವ ನಷ್ಟವೇನು?

ರಾಜಕೀಯ ನಮಗೇಕೆ, ವ್ಯಾಪಾರ ನಡೆದರೆ ಸಾಕು ಎನ್ನುವ ಸದಸ್ಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು. ವರ್ತಕನು ಪ್ರತಿದಿನ ಸುದ್ದಿಯನ್ನು ಆಧರಿಸಿಯೇ ನಿರ್ಧಾರ ಕೈಗೊಳ್ಳುತ್ತಾನೆ. ಟೆಂಡರ್ ಯಾರಿಗೆ ಹೋಯಿತು, ಯಾವ ಕಂಪನಿ ಬಾಕಿ ಉಳಿಸಿಕೊಂಡಿದೆ, ಯಾವ ಬ್ಯಾಂಕು ಕಷ್ಟದಲ್ಲಿದೆ, ಯಾವ ಸುಂಕ ಏರಲಿದೆ ಎಂಬ ಮಾಹಿತಿಯೇ ಅವನ ಬಂಡವಾಳ. ಅಧಿಕಾರದಲ್ಲಿರುವವರ ಆಪ್ತ ಕಂಪನಿ ಮುಳುಗುತ್ತಿದ್ದರೆ ಆಪ್ತ ಜಾಲತಾಣ ಅದನ್ನು ಬರೆಯುವುದಿಲ್ಲ. ಅದನ್ನು ನಂಬಿ ಸಾಲದ ಮೇಲೆ ಸರಕು ಕೊಟ್ಟ ಸಣ್ಣ ವರ್ತಕ ಕೊನೆಯಲ್ಲಿ ತಿಳಿಯುತ್ತಾನೆ, ಮೊದಲು ಮುಳುಗುತ್ತಾನೆ. ದೊಡ್ಡವರಿಗೆ ಬೇರೆ ದಾರಿಯಿಂದ ಸುದ್ದಿ ಮುಟ್ಟುತ್ತದೆ. ಸಣ್ಣವರಿಗೆ ಪತ್ರಿಕೆಯೊಂದೇ ದಾರಿ.

ಪರೀಕ್ಷಿಸುವ ಬಗೆ

ಯಾವುದೇ ಸುದ್ದಿಸಂಸ್ಥೆಯನ್ನು, ಅದು ಯಾವ ಪಕ್ಷಕ್ಕೆ ಹತ್ತಿರವಾದರೂ ಸರಿ, ಈ ಕೆಳಗಿನ ಪ್ರಶ್ನೆಗಳಿಂದ ಅಳೆಯಬಹುದು.

1. ಒಡೆತನ: ಕಾಗದದ ಮೇಲಿನ ಮಾಲೀಕ ಯಾರು, ನಿಜವಾದ ಲಾಭ ಪಡೆಯುವವರು ಯಾರು? ನಮ್ಮ ದೇಶದಲ್ಲಿ 1956ರ ನಿಯಮಗಳ ಪ್ರಕಾರ ದಶಕಗಳ ಕಾಲ ಪತ್ರಿಕೆಗಳು ಫೆಬ್ರವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ‘ನಾಲ್ಕನೆಯ ನಮೂನೆ’ಯನ್ನು ಮುದ್ರಿಸುತ್ತಿದ್ದವು. ಮುದ್ರಕ, ಪ್ರಕಾಶಕ, ಸಂಪಾದಕ ಮತ್ತು ಶೇಕಡ 1ಕ್ಕಿಂತ ಹೆಚ್ಚು ಬಂಡವಾಳ ಹೊಂದಿದವರ ಹೆಸರು ಅಲ್ಲಿರುತ್ತಿತ್ತು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಿದ್ದ ಆ ಚೌಕವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಜಾಲತಾಣ ಕಂಪನಿಯದ್ದಾದರೆ, ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅಲ್ಪ ಶುಲ್ಕ ತೆತ್ತು ಅದರ ಲೆಕ್ಕಪತ್ರಗಳನ್ನು ಯಾರು ಬೇಕಾದರೂ ನೋಡಬಹುದು.

2. ಆದಾಯ: ಒಬ್ಬನೇ ಜಾಹೀರಾತುದಾರನ ಪಾಲು ಎಷ್ಟು? ಆತ ಕೈಬಿಟ್ಟರೆ ಸಂಸ್ಥೆ ಎಷ್ಟು ತಿಂಗಳು ಉಸಿರಾಡಬಲ್ಲದು?

3. ಮಾಲೀಕನ ಇತರ ವ್ಯವಹಾರ: ಗಣಿ, ಗುತ್ತಿಗೆ, ದೂರಸಂಪರ್ಕ ಮುಂತಾದ ಪರವಾನಗಿ ಆಧಾರಿತ ಉದ್ಯಮಗಳು ಅವನಿಗಿವೆಯೇ?

4. ನಷ್ಟದ ಗುಟ್ಟು: ವರ್ಷಗಟ್ಟಲೆ ನಷ್ಟದಲ್ಲಿದ್ದರೂ ಸಂಸ್ಥೆ ನಡೆಯುತ್ತಿದ್ದರೆ ಆ ನಷ್ಟವನ್ನು ಯಾರು ತುಂಬುತ್ತಿದ್ದಾರೆ, ಅದಕ್ಕೆ ಪ್ರತಿಯಾಗಿ ಅವರಿಗೆ ಸಿಗುತ್ತಿರುವುದೇನು?

5. ಮೌನ: ಅದು ಏನನ್ನು ಬರೆಯುತ್ತದೆ ಎಂಬುದಕ್ಕಿಂತ, ಬೇರೆಲ್ಲರೂ ಬರೆದಾಗ ಅದು ಏನನ್ನು ಬರೆಯುವುದಿಲ್ಲ ಎಂಬುದನ್ನು ಗಮನಿಸಿ.

ಐರೋಪ್ಯ ಒಕ್ಕೂಟವು 2024ರಲ್ಲಿ ಮಾಧ್ಯಮ ಸ್ವಾತಂತ್ರ್ಯ ಕಾಯಿದೆಯೊಂದನ್ನು ಅಂಗೀಕರಿಸಿತು. ಮಾಧ್ಯಮ ಸಂಸ್ಥೆಗಳ ಒಡೆತನ ಮತ್ತು ಅವುಗಳಿಗೆ ದೊರೆತ ಸರ್ಕಾರಿ ಜಾಹೀರಾತಿನ ಮೊತ್ತ ಬಹಿರಂಗವಾಗಬೇಕೆಂದು ಅದು ವಿಧಿಸಿತು. ಅದರ ಬಹುತೇಕ ವಿಧಿಗಳು 2025ರ ಆಗಸ್ಟ್ 8ರಿಂದ ಅನ್ವಯವಾದವು. ಮೇಲಿನ ಪಟ್ಟಿಯ ಮೊದಲೆರಡು ಪ್ರಶ್ನೆಗಳಿಗೆ ಕಾನೂನಿನ ರೂಪ ಸಿಕ್ಕಿತೆಂದು ಹೇಳಬಹುದು. ಓರಿಗೋಗೆ ಇದು ತಡವಾಗಿ ಬಂದ ಔಷಧ.

ಉಪಸಂಹಾರ

ಜಾಹೀರಾತು ಕೊಡುವವರಲ್ಲಿ ಸರ್ಕಾರದಂತೆ ನಾವೂ ಇದ್ದೇವೆ ಎಂಬುದನ್ನು ಮರೆಯಬಾರದು. ಊರಿನ ಪತ್ರಿಕೆಗೆ ಹಬ್ಬದ ಶುಭಾಶಯದ ಕಾಲು ಪುಟ ಕೊಡುವ ಬಟ್ಟೆ ಅಂಗಡಿ, ವಾರಕ್ಕೊಂದು ಸಣ್ಣ ಜಾಹೀರಾತು ಹಾಕಿಸುವ ಬೇಕರಿ, ವಾರ್ಷಿಕ ಚಂದಾ ಕಟ್ಟುವ ಗಿರಣಿ ಮಾಲೀಕ – ಇವರೆಲ್ಲರ ಕಾಸು ಕೂಡಿದರೆ ಒಂದು ಪತ್ರಿಕೆ ಯಾರ ಹಂಗೂ ಇಲ್ಲದೆ ನಿಲ್ಲಬಲ್ಲದು. ಹಾಗೆ ಕೊಟ್ಟ ನಾವು ನಮ್ಮ ಸಂಘದ ವಿರುದ್ಧದ ಸುದ್ದಿಯನ್ನು ಹಾಕಬೇಡಿ ಎಂದು ದೂರವಾಣಿ ಮಾಡದಿರುವುದೂ ಅಷ್ಟೇ ಮುಖ್ಯ.

ಆರಂಭದಲ್ಲಿ ಹೇಳಿದ ಉದ್ಯಮಿ ಮಿತ್ರರು ಮುಂದೆ ನಾಲ್ಕೈದು ಹೊಸ ಗಿರಾಕಿಗಳನ್ನು ಹುಡುಕಿಕೊಂಡರು. ಮೊದಲ ಎರಡು ವರ್ಷ ಲಾಭ ಇಳಿಯಿತು. ಮೂರನೆಯ ವರ್ಷ ಆ ದೊಡ್ಡ ಕಂಪನಿಗೆ ಬಾಕಿಯ ಬಗ್ಗೆ ಪತ್ರ ಬರೆದು, ನಕಲನ್ನು ನನಗೂ ಕಳುಹಿಸಿದರು. ಬಾಕಿ ಪೂರ್ತಿ ಬರಲಿಲ್ಲ. ಆದರೆ ಆ ವರ್ಷದ ಲೆಕ್ಕಪತ್ರಗಳಿಗೆ ಸಹಿ ಹಾಕುವಾಗ ಅವರ ಮುಖದಲ್ಲಿ ಹಿಂದಿನ ಅಂಜಿಕೆ ಇರಲಿಲ್ಲ.